ಮಸೂರದ ಶುಚಿ: ಉಜ್ಜುವುದರಿಂದ ಊದುವುದರವರೆಗೆ

ಕ್ಯಾಮೆರಾ ಮಸೂರವನ್ನು ಶುಚಿಗೊಳಿಸುವುದು ಮೇಲ್ನೋಟಕ್ಕೆ ಒಂದು ತುಂಡು ಬಟ್ಟೆ ಮತ್ತು ಎರಡು ನಿಮಿಷಗಳ ಕೆಲಸವಾಗಿ ಕಂಡರೂ, 1839ರಿಂದ ಈಚೆಗೆ ಅದರ ಬಗೆಗಿನ ತಿಳುವಳಿಕೆ ಎಷ್ಟು ಬದಲಾಗಿದೆಯೆಂದರೆ, ಮೊದಲ ತಲೆಮಾರಿನ ಛಾಯಾಗ್ರಾಹಕರು ಕರ್ತವ್ಯವೆಂದು ಭಾವಿಸಿ ಮಾಡುತ್ತಿದ್ದ ಹಲವು ಕ್ರಿಯೆಗಳನ್ನು ಇಂದಿನ ಕೈಪಿಡಿಗಳು ಮಸೂರಕ್ಕೆ ಬಗೆಯುವ ಅಪಚಾರಗಳೆಂದು ಪರಿಗಣಿಸುತ್ತವೆ. ಈ ಬದಲಾವಣೆಯ ದಿಕ್ಕು ಒಂದೇ: ಗಾಜಿನ ಮೇಲ್ಮೈಯ ಸ್ವರೂಪ ತಿಳಿಯುತ್ತ ಹೋದಂತೆಲ್ಲ ಕೈಯ ಕೆಲಸ ಕಡಿಮೆಯಾಗುತ್ತ ಬಂದಿತು. ಹೊಳಪೆಂದರೆ ಶುಚಿ, ಕಲೆಯೆಂದರೆ ಕೊಳೆ ಎಂಬ ನಂಬಿಕೆಯೂ ಈ ದಾರಿಯಲ್ಲಿ ಒಮ್ಮೆ ಬುಡಮೇಲಾಯಿತು.

ಛಾಯಾಗ್ರಹಣವು ಉಜ್ಜುವ ಸಂಸ್ಕೃತಿಯಲ್ಲಿಯೇ ಹುಟ್ಟಿತು. 1839ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರಕಟವಾದ ಲೂಯಿ ದಗೇರನ ವಿಧಾನದಲ್ಲಿ ಚಿತ್ರ ಮೂಡುತ್ತಿದ್ದುದು ಬೆಳ್ಳಿಯ ಲೇಪವಿದ್ದ ತಾಮ್ರದ ತಗಡಿನ ಮೇಲೆ. ಆ ತಗಡನ್ನು ನುಣುಪಾದ ಕಲ್ಲಿನ ಪುಡಿಯಿಂದಲೂ, ಅಕ್ಕಸಾಲಿಗರು ಬಳಸುವ ರೂಜ್ ಎಂಬ ಕಬ್ಬಿಣದ ಆಕ್ಸೈಡಿನ ಕೆಂಪು ಪುಡಿಯಿಂದಲೂ ಕನ್ನಡಿಯಾಗುವವರೆಗೆ ತೀಡದೆ ಮುಂದಿನ ಹೆಜ್ಜೆಯಿಡುವಂತಿರಲಿಲ್ಲ. ತಗಡಿಗೆ ಸಲ್ಲುವ ಉಪಚಾರ ಗಾಜಿಗೂ ಸಲ್ಲುತ್ತದೆಂದು ಭಾವಿಸಿದವರು ಮಸೂರದ ಮೇಲಿನ ಸಣ್ಣ ಗೀರುಗಳನ್ನು ಅದೇ ರೂಜಿನಿಂದ ತೀಡಲು ಹೊರಟರೆ ಆಗುವ ಅನಾಹುತ ಕಣ್ಣಿಗೆ ಕಾಣುವಂಥದ್ದಲ್ಲ. ಮಸೂರದ ಬಾಗು ನಿಖರವಾಗಿರಬೇಕಾದುದು ಬೆಳಕಿನ ತರಂಗಾಂತರದ, ಅಂದರೆ ಒಂದು ಅಲೆಯಿಂದ ಮುಂದಿನ ಅಲೆಗಿರುವ ಅಂತರದ, ಒಂದು ಸಣ್ಣ ಭಾಗದಷ್ಟು ಸೂಕ್ಷ್ಮ ಪ್ರಮಾಣದಲ್ಲಾದ್ದರಿಂದ, ಕೈಯಿಂದ ಒಂದೆಡೆ ಹೆಚ್ಚು, ಇನ್ನೊಂದೆಡೆ ಕಡಿಮೆ ತೀಡಿದ ಗಾಜು ಥಳಥಳಿಸುತ್ತಲೇ ಚಿತ್ರದ ಸ್ಫುಟತೆಯನ್ನು ಕೆಡಿಸುತ್ತದೆ.

1840ರಲ್ಲಿ ವಿಯೆನ್ನಾದ ಗಣಿತಜ್ಞ ಯೋಸೆಫ್ ಪೆಟ್ಸ್‌ವಾಲ್ ಲೆಕ್ಕಹಾಕಿ ರೂಪಿಸಿದ, ಫೋಕ್ಟ್‌ಲೆಂಡರ್ ಸಂಸ್ಥೆ ತಯಾರಿಸಿದ ಭಾವಚಿತ್ರ ಮಸೂರವು ಹಿತ್ತಾಳೆಯ ಕೊಳವೆಯೊಳಗೆ ನಾಲ್ಕು ಗಾಜುಗಳನ್ನು ಹೊಂದಿತ್ತು. ಮುಂದಿನ ಎರಡು ಒಂದಕ್ಕೊಂದು ಅಂಟಿಕೊಂಡಿದ್ದರೆ ಹಿಂದಿನ ಎರಡರ ನಡುವೆ ಗಾಳಿಯ ತೆರವಿದ್ದುದರಿಂದ, ಒಳಗಿನ ಧೂಳನ್ನು ತೆಗೆಯಲೆಂದು ಕೊಳವೆಯನ್ನು ಬಿಚ್ಚಿದವನು ಆ ಗಾಜುಗಳನ್ನು ತಲೆಕೆಳಗಾಗಿ ಮರುಜೋಡಿಸುವ ಸಾಧ್ಯತೆ ಸದಾ ಇರುತ್ತಿತ್ತು. ಮಸೂರದ ಮುಚ್ಚಳವನ್ನು ಕೈಯಿಂದ ತೆಗೆದು, ಎಣಿಕೆ ಮುಗಿದೊಡನೆ ಮತ್ತೆ ಮುಚ್ಚುವುದೇ ಅಂದಿನ ಶಟರ್ ಆಗಿದ್ದ ಕಾರಣ, ಪ್ರತಿ ಚಿತ್ರಕ್ಕೂ ಬೆರಳು ಗಾಜಿನ ಸಮೀಪ ಸುಳಿಯುತ್ತಿತ್ತು. ಮುಚ್ಚಳದ ಒಳಗೆ ಅಂಟಿಸಿದ್ದ ಮಖಮಲ್ಲಿನ ಎಳೆಗಳು ಉದುರಿ ಗಾಜಿನ ಮೇಲೆ ಕೂರುತ್ತಿದ್ದವು.

1851ರಲ್ಲಿ ಫ್ರೆಡರಿಕ್ ಸ್ಕಾಟ್ ಆರ್ಚರ್ ಪ್ರಕಟಿಸಿದ ಕೊಲೋಡಿಯನ್ ವಿಧಾನ ಕೈಯ ಕೊಳೆಯನ್ನು ಇನ್ನಷ್ಟು ಹೆಚ್ಚಿಸಿತು. ಈಥರ್ ಮತ್ತು ಆಲ್ಕೊಹಾಲಿನಲ್ಲಿ ಕರಗಿಸಿದ ಅಂಟುದ್ರವವನ್ನು ಗಾಜಿನ ಫಲಕದ ಮೇಲೆ ಹರಿಯಬಿಟ್ಟು, ಸಿಲ್ವರ್ ನೈಟ್ರೇಟಿನಲ್ಲಿ ಅದ್ದಿ, ಒದ್ದೆಯಾಗಿರುವಾಗಲೇ ಚಿತ್ರ ತೆಗೆದು ಸಂಸ್ಕರಿಸಬೇಕಾಗಿದ್ದ ಈ ವಿಧಾನದಲ್ಲಿ ಛಾಯಾಗ್ರಾಹಕನ ಬೆರಳುಗಳು ಕಪ್ಪಾಗಿಯೇ ಇರುತ್ತಿದ್ದವು. ಕರ್ನಾಟಕದ ಮಟ್ಟಿಗೆ, 1854ರ ಕೊನೆಯಲ್ಲಿ ಬೇಲೂರು, ಹಳೇಬೀಡುಗಳ ದೇವಾಲಯಗಳನ್ನು ಚಿತ್ರಿಸಿದ ಲಿನಿಯಸ್ ಟ್ರೈಪ್ ಹಾಗೂ 1856ರ ಸುಮಾರಿಗೆ ಹಂಪಿಯ ಅವಶೇಷಗಳನ್ನು ಚಿತ್ರಿಸಿದ ಅಲೆಕ್ಸಾಂಡರ್ ಗ್ರೀನ್‌ಲಾ ಈ ಒದ್ದೆ ವಿಧಾನವನ್ನು ಬಿಟ್ಟು ಕಾಗದದ ನೆಗೆಟಿವ್‌ಗಳನ್ನು ಬಳಸಿದ್ದರಿಂದ ಅವರಿಗೆ ಆ ತೊಂದರೆ ಕಡಿಮೆಯಿತ್ತು. ಆದರೆ ಬಯಲಿನ ಧೂಳು ಯಾರಿಗೂ ತಪ್ಪಿದ್ದಲ್ಲ.

ಆ ಶತಮಾನದ ಉಪಕರಣಗಳು ಮೂರು: ಒಗೆದೊಗೆದು ಮೆತ್ತಗಾದ ಹಳೆಯ ಲಿನನ್ ಬಟ್ಟೆ, ಎಣ್ಣೆಯಲ್ಲಿ ಹದಮಾಡಿದ ಷಾಮಿ ಎಂಬ ಮೃದು ತೊಗಲು, ಮತ್ತು ಒಂಟೆಯ ಕೂದಲಿನದೆಂದು ಕರೆಸಿಕೊಂಡರೂ ಸಾಮಾನ್ಯವಾಗಿ ಅಳಿಲಿನ ಕೂದಲಿನಿಂದ ಮಾಡುತ್ತಿದ್ದ ಕುಂಚ. ಇವುಗಳಲ್ಲಿ ಷಾಮಿ ತೊಗಲಿನ ಖ್ಯಾತಿ ಅದರ ಯೋಗ್ಯತೆಗಿಂತ ಹೆಚ್ಚಾಗಿತ್ತು, ಏಕೆಂದರೆ ಮೃದುವಾದ ತೊಗಲು ಒಮ್ಮೆ ಹಿಡಿದ ಮರಳಿನ ಕಣವನ್ನು ಬಿಟ್ಟುಕೊಡದೆ ಮುಂದಿನ ಸಲ ಒರೆಸುವಾಗ ಅದನ್ನೇ ಗಾಜಿನ ಮೇಲೆ ಎಳೆಯುತ್ತದೆ. ದ್ರವವಾಗಿ ಬಳಕೆಯಲ್ಲಿದ್ದ ಆಲ್ಕೊಹಾಲಿನದು ಇನ್ನೊಂದು ಬಗೆಯ ಅಪಾಯ. ಗಾಜುಗಳನ್ನು ಒಂದಕ್ಕೊಂದು ಅಂಟಿಸುತ್ತಿದ್ದುದು ಉತ್ತರ ಅಮೆರಿಕದ ಬಾಲ್ಸಮ್ ಫರ್ ಮರದಿಂದ ಒಸರುವ, ಕೆನಡಾ ಬಾಲ್ಸಮ್ ಎಂಬ ಪಾರದರ್ಶಕ ರಾಳದಿಂದ. ಗಾಜಿನ ಮೇಲೆ ನೇರವಾಗಿ ಸುರಿದ ದ್ರವವು ಅಂಚಿನ ಸಂದಿಗೆ ಇಳಿದು ಆ ರಾಳವನ್ನು ಸಡಿಲಗೊಳಿಸುವ ಭಯವಿತ್ತು. ದ್ರವವನ್ನು ಒರೆಸುವ ವಸ್ತುವಿಗೆ ಹಾಕಬೇಕೇ ಹೊರತು ಮಸೂರಕ್ಕಲ್ಲ ಎಂಬ ನಿಯಮದ ಹಿಂದೆ ಈ ಭಯವಿದೆ. ಕೃತಕ ಅಂಟುಗಳು ಬಂದು ಬಾಲ್ಸಮ್ ಮರೆಯಾದ ಮೇಲೂ ಆ ನಿಯಮ ಉಳಿದಿರುವುದು ಸರಿಯೇ, ಏಕೆಂದರೆ ಅಂಚಿನಿಂದ ಒಳಗಿಳಿದ ದ್ರವ ಈಗಲೂ ಹೊರಬರುವುದಿಲ್ಲ.

ಈ ಚರಿತ್ರೆಯ ಅತ್ಯಂತ ಕುತೂಹಲಕರ ಅಧ್ಯಾಯ ಕೊಳೆಯಲ್ಲದ ಕಲೆಗೆ ಸಂಬಂಧಿಸಿದ್ದು. ಎರ್ನ್‌ಸ್ಟ್ ಅಬ್ಬೆ ಮತ್ತು ಒಟ್ಟೋ ಶಾಟ್ 1884ರಲ್ಲಿ ಜರ್ಮನಿಯ ಯೇನಾ ನಗರದಲ್ಲಿ ಸ್ಥಾಪಿಸಿದ ಗಾಜಿನ ಕಾರ್ಖಾನೆಯಿಂದ ಹೊಸ ರಾಸಾಯನಿಕ ಸಂಯೋಜನೆಯ ಗಾಜುಗಳು ಬಂದಾಗ, ಅವುಗಳಲ್ಲಿ ಕೆಲವು ತೇವದ ಗಾಳಿಯಲ್ಲಿ ಬಹುಬೇಗ ಮಂಕಾಗುತ್ತಿದ್ದವು. ಮೇಲ್ಮೈಯಲ್ಲಿ ನೀಲಿ, ಕಂದು ಛಾಯೆಯ ತೆಳುಪೊರೆ ಮೂಡುತ್ತಿತ್ತು. ಕೊಂಡವರು ಇದನ್ನು ದೋಷವೆಂದು ದೂರಿದರು, ಉಜ್ಜಿ ತೆಗೆಯಲು ಹವಣಿಸಿದರು. ಹಾಗೆ ನೋಡಿದರೆ, ಆಮ್ಲ ತಗಲಿದ ಗಾಜು ಕಡಿಮೆ ಪ್ರತಿಫಲಿಸುತ್ತದೆಂಬುದನ್ನು ಯೋಸೆಫ್ ಫ್ರೌನ್‌ಹೋಫರ್ 1817ರಲ್ಲಿಯೇ ಗಮನಿಸಿದ್ದನು, ಹಳತಾಗಿ ಮಂಕಾದ ಗಾಜು ಹೊಸದಾಗಿ ಹೊಳಪಿಟ್ಟ ಗಾಜಿಗಿಂತ ಕಡಿಮೆ ಬೆಳಕನ್ನು ಹಿಂದಿರುಗಿಸುತ್ತದೆಂದು ಲಾರ್ಡ್ ರ‍್ಯಾಲೀ 1886ರಲ್ಲಿ ಕಂಡುಕೊಂಡಿದ್ದನು; ಆದರೆ ಇದನ್ನು ಮಸೂರಗಳಿಗೆ ಅನ್ವಯಿಸಿ ನೋಡಿದವನು ಇಂಗ್ಲೆಂಡಿನ ಯಾರ್ಕ್ ನಗರದ ಕುಕ್ ಸಂಸ್ಥೆಯ ಹೆರಾಲ್ಡ್ ಡೆನಿಸ್ ಟೇಲರ್. ಮೂರೇ ಗಾಜುಗಳ ಪ್ರಸಿದ್ಧ ಕುಕ್ ಟ್ರಿಪ್ಲೆಟ್ ಮಸೂರವನ್ನು 1893ರಲ್ಲಿ ರೂಪಿಸಿದ ಈತನೇ, ಕೆಲವು ವರ್ಷ ಹಳೆಯದಾಗಿ ಕಲೆಗಟ್ಟಿದ ಮಸೂರವು ಹೊಸ ಮಸೂರಕ್ಕಿಂತ ಹೆಚ್ಚು ಬೆಳಕನ್ನು ಒಳಬಿಡುತ್ತದೆಂದು ತೋರಿಸಿ, ಒಡೆಯರು ಅಂಜುತ್ತಿದ್ದ ಕಲೆ ವಾಸ್ತವವಾಗಿ ಅವರ ಹಿತೈಷಿಯೆಂದು ಸಾರಿದನು. ರಾಸಾಯನಿಕಗಳಿಂದ ಬೇಕೆಂದೇ ಕಲೆ ಹಿಡಿಸುವ ವಿಧಾನಕ್ಕೆ 1904ರಲ್ಲಿ ಪೇಟೆಂಟನ್ನೂ ಪಡೆದನಾದರೂ, ಗಾಜಿನಿಂದ ಗಾಜಿಗೆ ಫಲಿತಾಂಶ ಬದಲಾಗುತ್ತಿದ್ದ ಕಾರಣ ಅದು ನೆಚ್ಚಬಹುದಾದ ಕೈಗಾರಿಕೆಯಾಗಿ ಬೆಳೆಯಲಿಲ್ಲ. ಶುಚಿತ್ವದ ಹೆಸರಿನಲ್ಲಿ ಆ ಕಾಲದಲ್ಲಿ ಎಷ್ಟು ಒಳ್ಳೆಯ ಮಸೂರಗಳು ತಮ್ಮ ಒಳ್ಳೆಯತನವನ್ನು ಕಳೆದುಕೊಂಡಿರಬಹುದೆಂದು ಊಹಿಸಬಹುದಷ್ಟೆ.

ಕಲೆಯಿಂದ ಲಾಭವೇಕೆ ಎಂಬುದಕ್ಕೆ ಸರಳವಾದ ಲೆಕ್ಕವಿದೆ. ಲೇಪನವಿಲ್ಲದ ಗಾಜು, ಗಾಳಿಯನ್ನು ಸಂಧಿಸುವ ಪ್ರತಿ ಮೇಲ್ಮೈಯಲ್ಲಿ ಶೇಕಡ 4ರಷ್ಟು ಬೆಳಕನ್ನು ಹಿಂದಕ್ಕೆ ಎರಚುತ್ತದೆ. ಜರ್ಮನಿಯ ಸೈಸ್ ಸಂಸ್ಥೆಯ ಪೌಲ್ ರುಡೋಲ್ಫ್ 1896ರಲ್ಲಿ ರೂಪಿಸಿದ ಪ್ಲಾನಾರ್ ಮಸೂರದಲ್ಲಿ ಇಂತಹ 8 ಮೇಲ್ಮೈಗಳಿದ್ದುದರಿಂದ ನಾಲ್ಕನೆಯ ಒಂದು ಭಾಗಕ್ಕೂ ಹೆಚ್ಚು ಬೆಳಕು ದಾರಿತಪ್ಪಿ, ಒಳಗೊಳಗೇ ಪುಟಿದು, ಚಿತ್ರದ ಕಪ್ಪನ್ನು ಬೂದಾಗಿಸುತ್ತಿತ್ತು. ಗಾಜಿನ ಮೇಲೆ ತರಂಗಾಂತರದ ಕಾಲು ಭಾಗದಷ್ಟು ದಪ್ಪದ ಪೊರೆಯಿದ್ದರೆ, ಪೊರೆಯ ಮೇಲಿನಿಂದ ಮತ್ತು ಕೆಳಗಿನಿಂದ ಹಿಂದಿರುಗುವ ಅಲೆಗಳು ಏರಿಗೆ ಇಳಿತವಾಗಿ ಕೂಡಿ ಪರಸ್ಪರ ಅಳಿದುಹೋಗುತ್ತವೆ. 1935ರಲ್ಲಿ ಸೈಸ್ ಸಂಸ್ಥೆಯ ಅಲೆಕ್ಸಾಂಡರ್ ಸ್ಮಾಕುಲಾ ನಿರ್ವಾತದಲ್ಲಿ ಫ್ಲೋರೈಡನ್ನು ಆವಿಯಾಗಿಸಿ ಗಾಜಿನ ಮೇಲೆ ಇಂತಹ ಪೊರೆಯನ್ನು ಕೂರಿಸುವ ವಿಧಾನವನ್ನು ಸಾಧಿಸಿದನು. ಜರ್ಮನಿ ಅದನ್ನು ಸೈನಿಕ ರಹಸ್ಯವಾಗಿ ಕಾಯ್ದುಕೊಂಡಿತು. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಪ್ರಯೋಗಾಲಯದ ಕ್ಯಾಥರೀನ್ ಬ್ಲಾಜೆಟ್ 1938ರಲ್ಲಿ ಒಂದೊಂದು ಅಣುವಿನಷ್ಟೇ ದಪ್ಪದ 44 ಪದರಗಳನ್ನು ಗಾಜಿನ ಮೇಲಿಟ್ಟು ಪ್ರತಿಫಲನವನ್ನು ಬಹುಮಟ್ಟಿಗೆ ಇಲ್ಲವಾಗಿಸಿದಳು.

ಶುಚಿಗೊಳಿಸುವವರ ದೃಷ್ಟಿಯಿಂದ ಇಲ್ಲಿ ಹೊಸ ಸಂಕಟ ಹುಟ್ಟಿತು. ಬ್ಲಾಜೆಟ್‌ಳ ಪೊರೆ ಒರೆಸಿದರೆ ಅಳಿಸಿಹೋಗುತ್ತಿತ್ತು. ಆರಂಭದ ಫ್ಲೋರೈಡ್ ಲೇಪನಗಳೂ ಬಲು ಮೆತ್ತಗಿದ್ದವು. ಕಾಯಿಸಿದ ಗಾಜಿನ ಮೇಲೆ ಮೆಗ್ನೀಸಿಯಂ ಫ್ಲೋರೈಡನ್ನು ಕೂರಿಸಿದರೆ ಪೊರೆ ಗಟ್ಟಿಯಾಗುತ್ತದೆಂಬುದು ತಿಳಿದ ಮೇಲೆಯೇ ಮಸೂರದ ಹೊರಮುಖಕ್ಕೆ ಲೇಪನವಿಡುವುದು ವಾಡಿಕೆಯಾಯಿತು. ಆ ಪೊರೆಯ ದಪ್ಪ ಒಂದು ಮಿಲಿಮೀಟರಿನ ಹತ್ತು ಸಾವಿರದ ಒಂದು ಭಾಗ. ಪೆಂಟ್ಯಾಕ್ಸ್ ಕ್ಯಾಮೆರಾಗಳ ತಯಾರಕರಾದ ಅಸಾಹಿ ಸಂಸ್ಥೆ 1971ರಲ್ಲಿ, ಸೈಸ್ ಸಂಸ್ಥೆ 1972ರಲ್ಲಿ ಮಾರುಕಟ್ಟೆಗೆ ತಂದ ಬಹುಪದರದ ಲೇಪನಗಳು ಪ್ರತಿಫಲನವನ್ನು ಇನ್ನೂ ತಗ್ಗಿಸಿದವು. ಜೊತೆಗೆ, ಹಿನ್ನೆಲೆಯ ಹೊಳಪೇ ಅಡಗಿದ್ದರಿಂದ, ಬೆರಳಿನ ಜಿಡ್ಡಿನ ಗುರುತು ಹಿಂದೆಂದಿಗಿಂತ ಎದ್ದುಕಾಣತೊಡಗಿ, ಒರೆಸಬೇಕೆಂಬ ಚಪಲವೂ ಹೆಚ್ಚಿತು.

ಸುರಕ್ಷಿತ ಶುಚಿಯ ಕ್ರಮವೆಂದು ಇಂದು ಒಪ್ಪಿರುವುದರ ತಿರುಳು ಗಟ್ಟಿತನದ ಹೋಲಿಕೆಯಲ್ಲಿದೆ. ಖನಿಜಗಳ ಗಡಸನ್ನು 1ರಿಂದ 10ರವರೆಗೆ ಅಳೆಯುವ ಮೋಸ್ ಮಾಪಕದಲ್ಲಿ ಸಾಮಾನ್ಯ ಗಾಜು ಸುಮಾರು 5.5ರಲ್ಲಿದ್ದರೆ, ಧೂಳಿನಲ್ಲಿ ಬೆರೆತಿರುವ ಬೆಣಚುಕಲ್ಲಿನ ಕಣ 7ರಲ್ಲಿದೆ. ಗಾಜನ್ನು ಗೀರುವುದು ಬಟ್ಟೆಯಲ್ಲ, ಬಟ್ಟೆ ಎಳೆದೊಯ್ಯುವ ಕಣ. 1933ರಲ್ಲಿ ಲೈಟ್ಸ್ ಸಂಸ್ಥೆ ಲೈಕಾ ಕ್ಯಾಮೆರಾಕ್ಕಾಗಿ ಹೊರತಂದ ಸುಮ್ಮಾರ್ ಮಸೂರದ ಮುಂದಿನ ಗಾಜು ಮೆದುವಾಗಿದ್ದುದರಿಂದ, ಗೀರಿಲ್ಲದ ಸುಮ್ಮಾರ್ ಇಂದು ಸಂಗ್ರಾಹಕರಿಗೆ ಅಪರೂಪದ ವಸ್ತುವಾಗಿದೆ. ಆದಕಾರಣ ಮೊದಲು ರಬ್ಬರಿನ ಬುರುಡೆಯಿಂದ ಗಾಳಿ ಊದಬೇಕು. ಜಗ್ಗದ ಕಣವನ್ನು ಮೆತ್ತನೆಯ ಕುಂಚದಿಂದ ಮೇಲೆತ್ತಬೇಕು. ಜಿಡ್ಡು ಉಳಿದಿದ್ದರೆ ಮಾತ್ರ, ಮಸೂರಕ್ಕೆಂದೇ ಮಾಡಿದ ಕಾಗದಕ್ಕೋ ಬಟ್ಟೆಗೋ ಒಂದೆರಡು ಹನಿ ದ್ರಾವಣ ಹಾಕಿ, ನಡುವಿನಿಂದ ಅಂಚಿನ ಕಡೆಗೆ ಸುತ್ತುತ್ತ, ಒತ್ತದೆ ಒರೆಸಬೇಕು. ಮಸೂರದ ಕಾಗದವನ್ನು ಒಮ್ಮೆ ಬಳಸಿ ಎಸೆಯುವುದರಲ್ಲಿಯೇ ಅದರ ಗುಣವಿದೆ. 1980ರ ದಶಕದಲ್ಲಿ ಜಪಾನಿನ ತೋರೇ ಸಂಸ್ಥೆ ಬಳಕೆಗೆ ತಂದ, ಕೂದಲಿಗಿಂತ ಹಲವು ಪಟ್ಟು ಸಪೂರವಾದ ಎಳೆಗಳ ಮೈಕ್ರೋಫೈಬರ್ ಬಟ್ಟೆ ಜಿಡ್ಡನ್ನು ಚೆನ್ನಾಗಿ ಹೀರುತ್ತದೆ. ಆದರೆ ಒಗೆಯದೆ ಜೇಬಿನಲ್ಲಿಟ್ಟುಕೊಂಡರೆ ಹಳೆಯ ಷಾಮಿ ತೊಗಲಿನ ದೋಷವೇ ಅದಕ್ಕೂ ಬರುತ್ತದೆ. ಅಸಿಟೋನು ಪ್ಲಾಸ್ಟಿಕ್ಕನ್ನೂ ಬಣ್ಣವನ್ನೂ ಕರಗಿಸುವುದರಿಂದ ಇಂದಿನ ಮಸೂರಗಳಿಗೆ ಸಲ್ಲದು. ಇನ್ನು ಮುಂಗಾಜಿನ ಮೇಲಿನ ನಾಲ್ಕಾರು ಧೂಳಿನ ಕಣಗಳು ಚಿತ್ರದಲ್ಲಿ ಕಾಣಿಸುವುದೇ ಇಲ್ಲವಾದ್ದರಿಂದ, ಅವುಗಳನ್ನು ಇದ್ದಂತೆಯೇ ಬಿಡುವುದು ಅನೇಕ ವೇಳೆ ಒರೆಸುವುದಕ್ಕಿಂತ ಲೇಸು.

ತೇವದ ನಾಡುಗಳಲ್ಲಿ ಮಾತ್ರ ಹೀಗೆ ಬಿಟ್ಟುಬಿಡುವುದು ಸಲ್ಲದು, ಏಕೆಂದರೆ ಅಲ್ಲಿ ಕೊಳೆ ಬೆಳೆಯುತ್ತದೆ. ಎರಡನೆಯ ಮಹಾಯುದ್ಧದಲ್ಲಿ ನ್ಯೂಗಿನಿಯ ಕಾಡುಗಳಲ್ಲಿ ಸೈನ್ಯದ ದುರ್ಬೀನುಗಳ ಒಳಗೆ ಬೂಷ್ಟು ಜೇಡರ ಬಲೆಯಂತೆ ಹಬ್ಬಿ ಅವನ್ನು ನಿರುಪಯುಕ್ತಗೊಳಿಸಿದಾಗ, ಮೆಲ್ಬರ್ನ್ ವಿಶ್ವವಿದ್ಯಾಲಯದ ಸಸ್ಯವಿಜ್ಞಾನಿಗಳು ಪಾದರಸದ ಸಂಯುಕ್ತವಾದ ಮರ್ಥಿಯೊಲೇಟನ್ನು ಉಪಕರಣದೊಳಗೇ ಇರಿಸಿ ಅದನ್ನು ತಡೆಯುವ ಉಪಾಯವನ್ನು ರೂಪಿಸಿದರು. ಆಗುಂಬೆಯಂತಹ, ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರುಗಳಿರುವ ಮಲೆನಾಡಿಗೂ ಕರಾವಳಿಗೂ ಈ ಶತ್ರು ಪರಿಚಿತ. ಮಸೂರದ ಒಳಗಿನ ಗ್ರೀಸು, ನೂಲಿನೆಳೆ, ಬೆರಳಿನ ಜಿಡ್ಡುಗಳೇ ಬೂಷ್ಟಿನ ಆಹಾರ. ಚರ್ಮದ ಚೀಲ ತೇವವನ್ನು ಹಿಡಿದಿಟ್ಟು ಅದಕ್ಕೆ ನೆರವಾಗುತ್ತದೆ. ಮಳೆಗಾಲದಲ್ಲಿ ಮಸೂರವನ್ನು ಚೀಲದಿಂದ ಹೊರತೆಗೆದು, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ಲಿನೊಡನೆ ಇಟ್ಟು, ಜೆಲ್ಲಿನ ನೀಲಿ ಹರಳು ಗುಲಾಬಿಗೆ ತಿರುಗಿದಾಗ ಕಾಯಿಸಿ ಒಣಗಿಸಿಕೊಳ್ಳುವುದು ಇಲ್ಲಿಯ ಛಾಯಾಗ್ರಾಹಕರು ಪಾಲಿಸಬೇಕಾದ ಕ್ರಮ. ಬೂಷ್ಟು ಹೊರಸೂಸುವ ಆಮ್ಲವು ಲೇಪನವನ್ನು ದಾಟಿ ಗಾಜನ್ನು ಕೊರೆದ ಮೇಲೆ ಯಾವ ದ್ರಾವಣವೂ ಅದನ್ನು ಸರಿಪಡಿಸಲಾರದು. ಗಾಜನ್ನು ಮತ್ತೆ ಹೊಳಪುಗೊಳಿಸಿ ಹೊಸದಾಗಿ ಲೇಪಿಸಬೇಕಾಗುತ್ತದೆ, ಅದಕ್ಕೆ ತಗಲುವ ವೆಚ್ಚ ಸಾಮಾನ್ಯ ಮಸೂರದ ಬೆಲೆಯನ್ನೇ ಮೀರುತ್ತದೆ.