ದಫ್ತರ ಹುಡುಕುವ ವಿದ್ಯೆ: ಕುಂಸಿಯ ಪಹಣಿಯಿಂದ ಲಾಗ್ ಸರ್ಚ್‌ವರೆಗೆ

ಬರೆದಿಟ್ಟವನು ದಾಖಲೆಯನ್ನು ಹೇಗೆ ವಿಂಗಡಿಸಿರುತ್ತಾನೋ ಹುಡುಕುವವನು ಅದೇ ಕ್ರಮದಲ್ಲಿ ಕೇಳಬೇಕು. ಶಿವಮೊಗ್ಗ ತಾಲ್ಲೂಕಿನ ಕುಂಸಿ ಹೋಬಳಿಯ ರೈತ ಪಹಣಿ ಕೇಳುವಾಗಲೂ ಇದೇ ನಿಯಮ, ಎಂಜಿನಿಯರ್ ಸರ್ವರಿನ ಲಾಗ್ ಕೆದಕುವಾಗಲೂ ಇದೇ ನಿಯಮ. ಲಾಗ್ ಸರ್ಚ್ ಕಲಿತವರಿಗೆ ಪ್ರಮಾಣಪತ್ರ ಕೊಡುವ ಪರೀಕ್ಷೆಗಳಲ್ಲಿ ಅಭ್ಯರ್ಥಿಗಳು ಎಡವಬಹುದಾದ ಹಲವು ಪ್ರಶ್ನೆಗಳು ಈ ನಿಯಮಕ್ಕೇ ಸೇರಿದವು. ಕಂದಾಯ ಇಲಾಖೆಯ ದಫ್ತರ ಅದನ್ನು ಕಂಪ್ಯೂಟರ್ ಬರುವುದಕ್ಕೆ ಬಹಳ ಮೊದಲೇ ಕಂಡುಕೊಂಡಿತ್ತು.

ಮಲೆನಾಡಿನಲ್ಲಿ ಜಮೀನಿನ ಲೆಕ್ಕಕ್ಕೆ ಹಳೆಯ ಆಧಾರ ಶಿವಪ್ಪ ನಾಯಕನ ಶಿಸ್ತು. 1645ರಿಂದ 1660ರವರೆಗೆ ಆಳಿದ ಈ ಕೆಳದಿ ಅರಸ ಭೂಮಿಯನ್ನು ಐದು ದರ್ಜೆಗಳಾಗಿ ವಿಂಗಡಿಸಿ, 12 ವರ್ಷಗಳ ಫಸಲನ್ನು ನೋಡಿ ಕಂದಾಯ ನಿಗದಿ ಮಾಡಿಸಿದನೆಂದು ಪ್ರಸಿದ್ಧಿ. ಲೆಕ್ಕವನ್ನು ಶಾನುಭೋಗರು ಕಡತದಲ್ಲಿ ಬರೆಯುತ್ತಿದ್ದರು. ಹುಣಸೆಬೀಜದ ಅಂಟಿಗೆ ಇದ್ದಿಲ ಪುಡಿ ಕಲಸಿ ಬಳಿದು, ಮಡಿಸಿಟ್ಟ ಬಟ್ಟೆಯೇ ಕಡತ. ಅದರ ಮೇಲೆ ಬಳಪದ ಬರಹ. ಜಮೀನಿಗೆ ಆಗ ನಂಬರಿರಲಿಲ್ಲ. ಗದ್ದೆಗೊಂದು ಹೆಸರು, ನಾಲ್ಕು ದಿಕ್ಕಿನ ಚಕ್ಕುಬಂದಿ, ಒಕ್ಕಲಿನ ಹೆಸರು, ಇಷ್ಟೇ ಗುರುತು. ಇಂಥ ಲೆಕ್ಕದಲ್ಲಿ ಬೇಕಾದ್ದನ್ನು ಹುಡುಕಲು ಇದ್ದದ್ದು ಎರಡೇ ದಾರಿ: ಮೊದಲಿನಿಂದ ಕೊನೆಯವರೆಗೆ ಓದುವುದು, ಇಲ್ಲವೇ ಬರೆದ ಶಾನುಭೋಗರನ್ನೇ ಕೇಳುವುದು. ವಂಶಪಾರಂಪರ್ಯದ ಈ ಹುದ್ದೆಯ ಬಲ ಅರ್ಧಕ್ಕರ್ಧ ಅಲ್ಲಿಯೇ ಇತ್ತು. ಕಡತದ ಸೂಚಿ ಶಾನುಭೋಗರ ತಲೆಯೊಳಗಿತ್ತು.

1863ರಲ್ಲಿ ಮೈಸೂರು ಸಂಸ್ಥಾನದಲ್ಲಿ ಬೊಂಬಾಯಿ ಪದ್ಧತಿಯ ರೆವಿನ್ಯೂ ಸರ್ವೆ ಆರಂಭವಾದ ಮೇಲೆ ಈ ಬಲ ಕರಗತೊಡಗಿತು. 33 ಅಡಿಯ ಸರಪಳಿ ಹಿಡಿದು ಅಳೆದ ಪ್ರತಿ ಹಿಡುವಳಿಗೂ ಒಂದು ಸರ್ವೆ ನಂಬರು ಬಂತು. ಅಣ್ಣತಮ್ಮಂದಿರು ಪಾಲಾದಾಗ ಪೋಡಿ ಮಾಡಿ 12ನೇ ನಂಬರನ್ನು 12/1, 12/2 ಎಂದು ಹಿಸ್ಸಾಗಳಾಗಿ ಒಡೆಯುವ ಪದ್ಧತಿ ಬೆಳೆಯಿತು. ಗ್ರಾಮ ಗೊತ್ತಾದರೆ ನಂಬರು, ನಂಬರು ಗೊತ್ತಾದರೆ ಹಿಸ್ಸಾ. ಹುಡುಕಾಟಕ್ಕೆ ಮೊದಲ ಬಾರಿಗೆ ಮೆಟ್ಟಿಲುಗಳು ಸಿಕ್ಕವು, ಬರೆದವರನ್ನು ಕೇಳದೆಯೂ ಹೊರಗಿನವನೊಬ್ಬ ದಾಖಲೆ ತಲುಪಬಹುದಾಯಿತು.

ಕುಂಸಿಯ ಮಟ್ಟಿಗೆ ಮೆಟ್ಟಿಲುಗಳೂ ಒಂದೇ ಕಡೆ ನಿಲ್ಲಲಿಲ್ಲ. ಈಗ ಹೋಬಳಿ ಕೇಂದ್ರವಾಗಿರುವ ಈ ಊರು 20ನೇ ಶತಮಾನದ ಆರಂಭದ ಗೆಜೆಟಿಯರುಗಳಲ್ಲಿ ಉಪತಾಲ್ಲೂಕು. ಅದಕ್ಕೂ ಹಿಂದಿನ ಶಾಸನದಲ್ಲಿ, ಹುಂಚದ ಸಾಂತರರ ಮೂಲಪುರುಷ ಜಿನದತ್ತರಾಯನ ದತ್ತಿಯ ಪ್ರಸಂಗದಲ್ಲಿ ಬರುವ ಕುಂಬಸೆಯನ್ನು ಬಿ.ಎಲ್. ರೈಸ್ ಇದೇ ಊರೆಂದು ಗುರುತಿಸಿದರು. ರೈಸ್ 1902ರಲ್ಲಿ ಹೊರತಂದ 'ಎಪಿಗ್ರಾಫಿಯ ಕರ್ನಾಟಿಕ'ದ 7ನೇ ಸಂಪುಟ ಶಿವಮೊಗ್ಗ ಜಿಲ್ಲೆಯ ಮೊದಲ ಭಾಗ. ಅಲ್ಲಿ ಶಾಸನಗಳಿಗೆ ತಾಲ್ಲೂಕುವಾರು ಕ್ರಮಸಂಖ್ಯೆ ಇದೆ, ಪಂಡಿತರು ಇಂದಿಗೂ ತಾಲ್ಲೂಕಿನ ಹೆಸರು ಮತ್ತು ಸಂಖ್ಯೆಯಿಂದಲೇ ಶಾಸನವನ್ನು ಉಲ್ಲೇಖಿಸುತ್ತಾರೆ. ಹೀಗಾಗಿ ಕುಂಸಿಯ ಹಳೆಯ ಕಾಗದ ಯಾವ ಶೀರ್ಷಿಕೆಯ ಕೆಳಗೆ ಸಿಗುತ್ತದೆ ಎನ್ನುವುದು ಅದು ಯಾವ ಕಾಲದ್ದು ಎಂಬುದನ್ನು ಅವಲಂಬಿಸಿದೆ. ಕಾಲ ತಿಳಿಯದೆ ಸ್ಥಳ ಹುಡುಕುವುದು ವ್ಯರ್ಥ ಶ್ರಮ.

1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ 1963ರಲ್ಲಿ ಜಾರಿಯಾಗಿ ಶಾನುಭೋಗಿಕೆ ಕೊನೆಗೊಂಡಿತು, ಸರ್ಕಾರಿ ನೌಕರನಾದ ಗ್ರಾಮ ಲೆಕ್ಕಿಗ ಬಂದ. 1964ರ ಭೂಕಂದಾಯ ಕಾಯ್ದೆಯ ಕೆಳಗೆ ಪಹಣಿಗೆ ಈಗಿನ ರೂಪ ಬಂತು. ಹಳ್ಳಿಗರ ಬಾಯಲ್ಲಿ ಇಂದಿಗೂ ಓಡಾಡುವುದು ಅದರ ಕಲಮುಗಳ ಸಂಖ್ಯೆಗಳೇ: ಕಲಂ 9 ಎಂದರೆ ಸ್ವಾಧೀನದಾರನ ಹೆಸರು, ಕಲಂ 11 ಎಂದರೆ ಸಾಲ ಮತ್ತಿತರ ಋಣ, ಕಲಂ 12 ಎಂದರೆ ಸಾಗುವಳಿ. 2000ದ ಆಸುಪಾಸಿನಲ್ಲಿ ಕಂದಾಯ ಇಲಾಖೆಯ 'ಭೂಮಿ' ಯೋಜನೆ ಸುಮಾರು 67 ಲಕ್ಷ ಹಿಡುವಳಿದಾರರ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೇರಿಸಿತು. ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು, 15 ರೂಪಾಯಿಗೆ ಮುದ್ರಿತ ಪ್ರತಿ ಕಿಯೋಸ್ಕಿನಲ್ಲಿ ಸಿಗತೊಡಗಿತು. ಹುಡುಕುವ ದಾರಿ ಮಾತ್ರ ಸರ್ವೆಯವರು ಹಾಕಿದ್ದೇ: ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು, ಸರ್ನಾಕ್ (ಸರ್ವೆ ನಂಬರಿಗೆ ಅಂಟಿಸುವ ಉಪಗುರುತು), ಹಿಸ್ಸಾ. ಸರ್ನಾಕ್ ಇಲ್ಲದ ಕಡೆ ತೆರೆಯ ಮೇಲೆ ಒಂದು ನಕ್ಷತ್ರಚಿಹ್ನೆ ಕಾಣುತ್ತದೆ. ಭೂಮಿಯಲ್ಲಿ ಆ ಚಿಹ್ನೆಗೆ ಏನೂ ಇಲ್ಲ ಎಂದರ್ಥ. ಲಾಗ್ ಸರ್ಚಿನಲ್ಲಿ ಅದೇ ಚಿಹ್ನೆಗೆ ಏನಿದ್ದರೂ ಸರಿ ಎಂದರ್ಥ.

ಭೂಮಿ ಇನ್ನೊಂದು ಕೆಲಸವನ್ನೂ ಮಾಡಿತು. ದಾಖಲೆ ತಿದ್ದುವ ಅಧಿಕಾರಿ ಬೆರಳಚ್ಚು ಒತ್ತಿಯೇ ಒಳಗೆ ಹೋಗಬೇಕಾಯಿತು. ಮಾಡಿದ್ದನ್ನು ಆಮೇಲೆ ನಾನಲ್ಲ ಎನ್ನುವಂತಿಲ್ಲ. ಯಾರು, ಯಾವಾಗ, ಏನು ಮಾಡಿದರು ಎಂದು ಯಂತ್ರ ತಾನೇ ಬರೆದುಕೊಳ್ಳುವ ಇಂಥ ದಿನಚರಿಯೇ ಲಾಗ್.

ಲಾಗ್ ಹುಡುಕಾಟದ ಕಥೆಯನ್ನು ಯುನಿಕ್ಸ್‌ನಿಂದ ಶುರುಮಾಡಬಹುದು. 1970ರ ದಶಕದ ಆರಂಭದಲ್ಲಿ ಬೆಲ್ ಲ್ಯಾಬ್ಸ್‌ನ ಕೆನ್ ಥಾಂಪ್ಸನ್ ಬರೆದ ಗ್ರೆಪ್ ಎಂಬ ಹುಡುಕುವ ಆಜ್ಞೆ, ಸೂಚಿ ಗೊತ್ತಿಲ್ಲದೆ ಕಡತ ಓದುವ ಹೊರಗಿನವನಂತೆಯೇ ಸಾಲುಸಾಲಾಗಿ ಓದುತ್ತಿತ್ತು. ಅದೇ ಕಾಲಕ್ಕೆ ಡಗ್ ಮೆಕಿಲ್ರಾಯ್ ಸಲಹೆಯ ಮೇಲೆ ಪೈಪ್ ಬಂತು; ಒಂದು ಆಜ್ಞೆಯ ಫಲ ಮುಂದಿನ ಆಜ್ಞೆಗೆ ಹೋಗುವ ವ್ಯವಸ್ಥೆ ಅದು. 1980ರ ದಶಕದಲ್ಲಿ ಬರ್ಕ್ಲಿಯ ಎರಿಕ್ ಆಲ್ಮನ್ ರೂಪಿಸಿದ ಸಿಸ್‌ಲಾಗ್ ಪ್ರತಿ ಸಾಲಿಗೂ ಕಾಲ, ಯಂತ್ರದ ಹೆಸರು, ಪ್ರೋಗ್ರಾಮಿನ ಹೆಸರು, ಒಕ್ಕಣೆ ಎಂಬ ಕ್ರಮ ಕೊಟ್ಟಿತು. ಸಾಲುಗಳು ಕೋಟಿ ದಾಟಿದಾಗ ಓದುತ್ತಾ ಹೋಗುವುದು ಸಾಗದಾಯಿತು. 2003ರಲ್ಲಿ ಸ್ಥಾಪನೆಯಾದ ಸ್ಪ್ಲಂಕ್, 2010ರಲ್ಲಿ ಬಂದ ಎಲಾಸ್ಟಿಕ್‌ಸರ್ಚ್ ಮೊದಲೇ ಸೂಚಿ ಕಟ್ಟಿಡುವ ದಾರಿ ಹಿಡಿದವು.

ಸ್ಪ್ಲಂಕ್ ಒಂದು ಕ್ವೆರಿಯನ್ನು ಒಡೆದು ಅರ್ಥಮಾಡಿಕೊಳ್ಳುವ ಬಗೆಯನ್ನು ನೋಡಿದರೆ ದಫ್ತರದ ನೆನಪು ಬರದೇ ಇರದು. ಮೊದಲ ಪೈಪಿಗೆ ಮುಂಚೆ ಇರುವುದೆಲ್ಲ ಹುಡುಕಾಟ. ನಂತರದ್ದು ಸಿಕ್ಕ ಫಲದ ಮೇಲಿನ ಸಂಸ್ಕಾರ. ಹುಡುಕಾಟದಲ್ಲಿ ಕಾಲಾವಧಿ ಮತ್ತು ಇಂಡೆಕ್ಸ್ ತಾಲ್ಲೂಕು, ಹೋಬಳಿಗಳ ಕೆಲಸ ಮಾಡುತ್ತವೆ. ಅವನ್ನು ಹೇಳದ ಕ್ವೆರಿ ತಪ್ಪಲ್ಲ, ಆದರೆ ಯಾವ ಕಪಾಟು ತೆರೆಯಬೇಕೆಂಬುದನ್ನು ಎಂಜಿನ್ನಿನ ಪೂರ್ವನಿಗದಿಗೆ ಬಿಟ್ಟುಕೊಡುತ್ತದೆ. ಕಾಲ, ಹೋಸ್ಟ್, ಸೋರ್ಸ್, ಸೋರ್ಸ್‌ಟೈಪ್ ಮುಂತಾದ ಕೆಲವೇ ಫೀಲ್ಡುಗಳು ಸೂಚಿ ಕಟ್ಟುವಾಗಲೇ ದಾಖಲಾಗುತ್ತವೆ. ಉಳಿದ ಬಹುಪಾಲು ಕಲಮುಗಳನ್ನು ಎಂಜಿನ್ ಹುಡುಕುವ ಹೊತ್ತಿನಲ್ಲಿ ಒಕ್ಕಣೆಯಿಂದ ಬಿಡಿಸಿ ತೆಗೆಯುತ್ತದೆ.

ಪದಗಳನ್ನು ತುಂಡರಿಸುವ ನಿಯಮ ಎರಡು ಹಂತದ್ದು. ಖಾಲಿ ಜಾಗ, ಅಲ್ಪವಿರಾಮ, ಆವರಣಚಿಹ್ನೆಗಳು ದೊಡ್ಡ ತುಂಡು ಮಾಡುತ್ತವೆ. ಚುಕ್ಕಿ, ಓರೆಗೆರೆ, ಸಮಚಿಹ್ನೆ, ಅಡ್ಡಗೆರೆಗಳು ಆ ತುಂಡಿನೊಳಗೆ ಚಿಕ್ಕ ತುಂಡು. 10.1.2.3 ಎಂಬ ವಿಳಾಸವನ್ನು ಹಾಗೆಯೇ ಕೇಳಿದರೆ ಎಂಜಿನ್ ಅದನ್ನು ನಾಲ್ಕು ಚೂರು ಮಾಡಿ, ನಾಲ್ಕೂ ಇರುವ ಸಾಲುಗಳನ್ನೆಲ್ಲ ಎಳೆದು ತಂದು, ಆಮೇಲೆ ಸೋಸುತ್ತದೆ. ಇಡಿಯಾಗಿ ಹುಡುಕು ಎಂದು ಟರ್ಮ್ ಎಂಬ ನಿರ್ದೇಶನದಿಂದ ಹೇಳಿದರೆ ದೊಡ್ಡ ತುಂಡಿನ ಸೂಚಿಗೇ ನೇರ ಹೋಗುತ್ತದೆ. ಪದದ ಮೊದಲಿಗೆ ನಕ್ಷತ್ರಚಿಹ್ನೆ ಹಾಕಬಾರದೆಂದು ಬೋಧಕರು ಹೇಳುವುದೂ ಇದಕ್ಕೇ. ಮೊದಲಕ್ಷರ ಗೊತ್ತಿಲ್ಲದವನಿಗೆ ಅಕಾರಾದಿ ಸೂಚಿ ಪ್ರಯೋಜನಕ್ಕೆ ಬರುವುದಿಲ್ಲ.

ಪರೀಕ್ಷೆಯ ನಿಜವಾದ ಸುಳಿ ಇರುವುದು ಆಂಡ್, ಆರ್, ನಾಟ್‌ಗಳಲ್ಲಿ. ಇವನ್ನು ಇಂಗ್ಲಿಷಿನ ದೊಡ್ಡಕ್ಷರದಲ್ಲೇ ಬರೆಯಬೇಕು. ಚಿಕ್ಕಕ್ಷರದಲ್ಲಿ ಬರೆದ ಆರ್ ಕೇವಲ ಒಂದು ಪದವಾಗಿ ಹುಡುಕಲ್ಪಡುತ್ತದೆ. ಎರಡು ಪದಗಳ ನಡುವೆ ಏನೂ ಬರೆಯದಿದ್ದರೆ ಸ್ಪ್ಲಂಕ್ ಅಲ್ಲಿ ಆಂಡ್ ಇದೆಯೆಂದು ಭಾವಿಸುತ್ತದೆ. ಎಲಾಸ್ಟಿಕ್‌ಸರ್ಚಿನ ಕ್ವೆರಿ ಸ್ಟ್ರಿಂಗ್, ಬೇರೆ ಹೇಳದ ಹೊರತು, ಆರ್ ಎಂದು ತಿಳಿಯುತ್ತದೆ. ಸ್ಪ್ಲಂಕಿನ ಸರ್ಚ್ ಆಜ್ಞೆ ಆವರಣ, ನಾಟ್, ಆರ್, ಆಂಡ್ ಎಂಬ ಕ್ರಮದಲ್ಲಿ ಲೆಕ್ಕ ಹಾಕುತ್ತದೆ. ಅದೇ ಸ್ಪ್ಲಂಕಿನ ವೇರ್ ಆಜ್ಞೆಯಲ್ಲಿ ಆಂಡ್ ಮೊದಲು, ಆರ್ ಆಮೇಲೆ. ಬಹುತೇಕ ಪ್ರೋಗ್ರಾಮಿಂಗ್ ಭಾಷೆಗಳ ರೂಢಿ ಎರಡನೆಯದು. ಆದ್ದರಿಂದ ಕೋಡ್ ಬರೆದು ಪಳಗಿದವರೂ ಇಲ್ಲಿ ಜಾರಬಹುದು. ಒಂದೇ ಸರಕಿನಲ್ಲಿ ಎರಡು ಕ್ರಮ ಇಟ್ಟದ್ದು ಜಾಣತನವಲ್ಲ, ಆದರೆ ಪರೀಕ್ಷೆ ಅದನ್ನೇ ಕೇಳುತ್ತದೆ. ಆವರಣ ಹಾಕಿದವನಿಗೆ ಎರಡೂ ಕಡೆ ಒಂದೇ ಉತ್ತರ.

ನಾಟ್ ಮತ್ತು 'ಸಮವಲ್ಲ' ಚಿಹ್ನೆಯ ವ್ಯತ್ಯಾಸವನ್ನು ಪಹಣಿಯಿಂದಲೇ ವಿವರಿಸಬಹುದು. ಕಲಂ 11ರಲ್ಲಿ ಇಂಥ ಬ್ಯಾಂಕಿನ ಹೆಸರಿಲ್ಲದ ಪಹಣಿ ಕೊಡಿ ಎಂದರೆ ಕಲಂ ಖಾಲಿಯಿರುವ, ಸಾಲವೇ ಇಲ್ಲದ ಜಮೀನುಗಳೂ ಬರುತ್ತವೆ. ಇದು ನಾಟ್. ಕಲಂ 11ರಲ್ಲಿ ಆ ಬ್ಯಾಂಕನ್ನು ಬಿಟ್ಟು ಬೇರೆ ಹೆಸರಿರುವ ಪಹಣಿ ಕೊಡಿ ಎಂದರೆ ಖಾಲಿ ಕಲಮಿನವು ಹೊರಗುಳಿಯುತ್ತವೆ. ಇದು 'ಸಮವಲ್ಲ'. ಸ್ಪ್ಲಂಕಿನಲ್ಲಿ ಫೀಲ್ಡೇ ಇಲ್ಲದ ಸಾಲುಗಳು ಮೊದಲನೆಯದರಲ್ಲಿ ಸಿಗುತ್ತವೆ, ಎರಡನೆಯದರಲ್ಲಿ ಸಿಗುವುದಿಲ್ಲ. ಫೀಲ್ಡಿನ ಹೆಸರಿಗೆ ದೊಡ್ಡಕ್ಷರ, ಚಿಕ್ಕಕ್ಷರದ ಭೇದ ಇದೆ. ಸರ್ಚ್ ಆಜ್ಞೆಯಲ್ಲಿ ಅದರ ಮೌಲ್ಯಕ್ಕೆ ಆ ಭೇದ ಇಲ್ಲ.

ಕನ್ನಡಕ್ಕೆ ದೊಡ್ಡಕ್ಷರ, ಚಿಕ್ಕಕ್ಷರದ ತೊಡಕಿಲ್ಲ, ಬೇರೊಂದು ಇದೆ. ಕುಂಸಿ ಎಂದು ಅನುಸ್ವಾರದಲ್ಲಿ ಬರೆದದ್ದೂ ಕುಮ್ಸಿ ಎಂದು ಒತ್ತಕ್ಷರದಲ್ಲಿ ಬರೆದದ್ದೂ ಓದುಗನಿಗೆ ಒಂದೇ ಊರು, ಯುನಿಕೋಡಿನಲ್ಲಿ ಎರಡು ಬೇರೆ ಪದ. ನುಡಿ ತಂತ್ರಾಂಶದ ಹಳೆಯ ಆವೃತ್ತಿಗಳಲ್ಲಿ ಫಾಂಟಿನ ಸಂಕೇತಗಳಾಗಿ ಉಳಿದ ಬರಹವಾದರೆ ಯುನಿಕೋಡಿನ ಹುಡುಕಾಟಕ್ಕೆ ಸಿಗುವುದೇ ಇಲ್ಲ. ಭೂಮಿ ಈ ತೊಡಕನ್ನು ಸರಳವಾಗಿ ದಾಟಿತು: ಊರಿನ ಹೆಸರನ್ನು ಟೈಪ್ ಮಾಡಿಸದೆ ಪಟ್ಟಿಯಿಂದ ಆರಿಸುವಂತೆ ಮಾಡಿತು. ಲಾಗಿನ ಒಕ್ಕಣೆಗೆ ಅಂಥ ಪಟ್ಟಿಯಿಲ್ಲ. ಅಲ್ಲಿ ಕನ್ನಡದ ಹೆಸರು ಹುಡುಕಬೇಕಾದವರು ಎರಡೂ ಕಾಗುಣಿತಗಳನ್ನು ಆರ್‌ನಿಂದ ಸೇರಿಸಿ, ಸುತ್ತ ಆವರಣ ಹಾಕಿ ಕೇಳುವುದೇ ಸದ್ಯದ ದಾರಿ.