ಹಾಡುವ ಮಕ್ಕಳು, ಕೇಳುವ ಹೆತ್ತವರು

ಬಳ್ಳಾರಿ ಜಿಲ್ಲೆಯಲ್ಲಿದ್ದ ನಮ್ಮ ರಾಯದುರ್ಗ 1953ರಲ್ಲಿ ಆಂಧ್ರಕ್ಕೆ ಸೇರಿತು. ಅನಂತಪುರ ಜಿಲ್ಲೆಯಲ್ಲಿದ್ದ ಮಡಕಶಿರ 2022ರಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ಗಡಿಗಳು ಬದಲಾದರೂ ನಮ್ಮ ಮಕ್ಕಳು ಕನ್ನಡ, ತೆಲುಗು ಎರಡರಲ್ಲೂ ಹಾಡುವುದನ್ನು ಬಿಡಲಿಲ್ಲ.

1996ರಲ್ಲಿ ಈಟಿವಿಯಲ್ಲಿ ತೆಲುಗಿನ ‘ಪಾಡುತಾ ತೀಯಗಾ’ ಸ್ಪರ್ಧೆ ಆರಂಭವಾಯಿತು. ಮುಂದೆ ಅಂದಿನ ಈಟಿವಿ ಕನ್ನಡದಲ್ಲಿ ‘ಎದೆ ತುಂಬಿ ಹಾಡುವೆನು’ ಬಂತು. ಎರಡನ್ನೂ ನಡೆಸಿಕೊಟ್ಟವರು 2020ರಲ್ಲಿ ನಮ್ಮನ್ನಗಲಿದ ಎಸ್.ಪಿ. ಬಾಲಸುಬ್ರಹ್ಮಣ್ಯಂ. ಹಾಗಾಗಿ ಗಡಿಯವರಾದ ನಮಗೆ ಎರಡೂ ಮನೆಯ ಕಾರ್ಯಕ್ರಮಗಳೇ ಆಗಿದ್ದವು.

ಅವರ ತಂದೆ ಸಾಂಬಮೂರ್ತಿಯವರು ಹರಿಕಥೆ ಹೇಳುವವರು. ಆದರೂ ಮಗ ಇಂಜಿನಿಯರ್ ಆಗಲಿ ಎಂಬುದೇ ಅವರ ಆಸೆ. ಮಗ ನಮ್ಮ ಅನಂತಪುರದ ಇಂಜಿನಿಯರಿಂಗ್ ಕಾಲೇಜಿಗೇ ಸೇರಿದರು. ಟೈಫಾಯಿಡ್ ಬಂದು ಬಿಡಬೇಕಾಯಿತು. ಮದರಾಸಿಗೆ ಹೋಗಿ ಓದುತ್ತಲೇ ಹಾಡಿದರು. 1964ರಲ್ಲಿ ಹವ್ಯಾಸಿ ಗಾಯಕರ ಸ್ಪರ್ಧೆಯಲ್ಲಿ ಬಹುಮಾನ ಗೆದ್ದರು. 1966ರಲ್ಲಿ ಸಂಗೀತ ನಿರ್ದೇಶಕ ಎಸ್.ಪಿ. ಕೋದಂಡಪಾಣಿ ಸಿನಿಮಾಕ್ಕೆ ಹಾಡಿಸಿದರು. ಸ್ಪರ್ಧೆಯಿಂದಲೇ ಮೇಲೆ ಬಂದವರು ಮುಂದೆ ಮಕ್ಕಳಿಗೆ ಸ್ಪರ್ಧೆಯ ವೇದಿಕೆ ಕೊಟ್ಟರು.

ನಾನು ಬ್ಯಾಂಕಿನ ಗುಮಾಸ್ತನಾಗಿದ್ದವನು. ಮಗಳು ಹಾಡು ಕಲಿಯುತ್ತೇನೆಂದಾಗ, “ಮೊದಲು ಲೆಕ್ಕ ಕಲಿಯಮ್ಮ, ಹಾಡು ಅನ್ನ ಹಾಕೀತೇ?” ಎಂದೆ. ಅವಳು ಮತ್ತೆ ಕೇಳಲಿಲ್ಲ. ಈಗ ಮೊಮ್ಮಗಳು ಹಾಡುವಾಗ ಪಕ್ಕದಲ್ಲಿ ಕುಳಿತು ತಾಳ ಹಾಕುವವಳು ಅವಳೇ. ಅದನ್ನು ನೋಡುವಾಗ ನನಗೆ ಮಾತು ಹೊರಡುವುದಿಲ್ಲ.

ಮಕ್ಕಳನ್ನು ತಡೆಯಬೇಡಿ, ಗೆಲ್ಲಲೇಬೇಕೆಂದು ಹಿಂಸಿಸಲೂ ಬೇಡಿ. ಟಿವಿಯಲ್ಲಿ ಗೆಲ್ಲುವವರು ಒಬ್ಬರು, ಮಿಕ್ಕವರು ಮನೆಗೆ ಮರಳುತ್ತಾರೆ. ಆ ದಿನ ಅವರಿಗೆ ಊಟ ಬಡಿಸಿ, “ಎಲ್ಲಿ, ನಮಗೊಂದು ಹಾಡು” ಎನ್ನಿ.