ಸುಣ್ಣಕಲ್ಲಿನ ಸೀಮೆಯಲ್ಲಿ ಬೈರಿಗೆಯ ಸವೆತ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಸುತ್ತಿನ ನೆಲದಡಿ ಭೀಮಾ ಶ್ರೇಣಿಯ ಸುಣ್ಣಕಲ್ಲು ಪದರ ಪದರವಾಗಿ ಹಾಸಿಕೊಂಡಿದೆ. ಚಿಂಚೋಳಿಯ ಕಡೆ ದಖ್ಖನ್ನಿನ ಕಪ್ಪು ಬಸಾಲ್ಟ್ ಶಿಲೆಯೂ ಎದುರಾಗುತ್ತದೆ. ಶಹಾಬಾದ್ ಫರಸಿ ಎಬ್ಬಿಸಲು ಆಳದ ರಂಧ್ರ ಬೇಕಿಲ್ಲ. ಪದರದ ಸಂದಿಗೆ ಉಳಿ, ಹಾರೆ ಸಾಕು. ಸಿಮೆಂಟಿನ ಮಾತೇ ಬೇರೆ. 1936ರಲ್ಲಿ ಹಲವು ಕಂಪನಿಗಳು ಕೂಡಿ ಎ.ಸಿ.ಸಿ. ಆದಾಗ ಶಹಾಬಾದಿನ ಕಾರ್ಖಾನೆಯೂ ಅದರಲ್ಲಿ ಸೇರಿತು, ವಾಡಿಯದು 1968ರದು. ಗೂಡು ಬಿಡುವಿಲ್ಲದೆ ಉರಿಯಬೇಕಾದರೆ ಬಂಡೆ ಸಿಡಿಸಬೇಕು, ಅದಕ್ಕಾಗಿ ಮೀಟರುಗಟ್ಟಲೆ ಆಳಕ್ಕೆ ಕೊರೆಯಬೇಕು.

ಮೋಸ್ ಮಾನದಲ್ಲಿ ಕ್ಯಾಲ್ಸೈಟಿನ ಗಡಸುತನ 3, ಸಾಮಾನ್ಯ ಉಕ್ಕಿನದು 4ರಿಂದ 4.5ರ ಆಸುಪಾಸು. ಹಾಗಿದ್ದರೆ ಉಕ್ಕು ಸವೆಯಬಾರದಲ್ಲವೇ? ಸುಣ್ಣಕಲ್ಲಿನಲ್ಲಿ ಬೆರೆತ ಸಿಲಿಕಾ ಕಣಗಳ ಗಡಸುತನ 7. ಉಕ್ಕನ್ನು ಗೀರುವವು ಅವೇ. ಹದಗೊಳಿಸಿದ ಉಕ್ಕು ಇನ್ನೂ ಗಟ್ಟಿಯೇ, ಆದರೆ ಘರ್ಷಣೆಯ ಶಾಖಕ್ಕೆ ಅದರ ಹದ ಇಳಿಯುತ್ತದೆ. ರಂಧ್ರ ಆಳವಾದಷ್ಟೂ ಶಾಖಕ್ಕೂ ಪುಡಿಗೂ ಹೊರದಾರಿ ದೂರ.

ಈ ಶಾಖದ ಪ್ರಮಾಣವನ್ನು ತೋರಿಸಿದವನು ರಮ್‌ಫರ್ಡ್. ಮ್ಯೂನಿಕ್‌ನಲ್ಲಿ ಫಿರಂಗಿಯ ಲೋಹವನ್ನು ಬೇಕೆಂದೇ ಮೊಂಡು ಬೈರಿಗೆಯಿಂದ ಕೊರೆಸಿದ; ಸುತ್ತಲಿನ ನೀರು ಎರಡೂವರೆ ಗಂಟೆಯಲ್ಲಿ ಕುದಿಯಿತು. 1798ರಲ್ಲಿ ರಾಯಲ್ ಸೊಸೈಟಿಗೆ ಇದನ್ನು ವರದಿ ಮಾಡಿದ. ನಮ್ಮ ಪಠ್ಯಪುಸ್ತಕಗಳು ಶಾಖದ ಪಾಠವನ್ನು ಉಳಿಸಿಕೊಂಡು ಬೈರಿಗೆಯನ್ನು ಕೈಬಿಟ್ಟಿವೆ!

ಸವೆತಕ್ಕೆ ಸೂತ್ರ ಕೊಟ್ಟವನು ಅಮೆರಿಕದ ಎಫ್.ಡಬ್ಲ್ಯು. ಟೇಲರ್. 1906ರಲ್ಲಿ ಮಂಡಿಸಿದ ಆ ಸೂತ್ರದಂತೆ, ಲೋಹ ಕತ್ತರಿಸುವಾಗ ವೇಗ ಮತ್ತು ಉಪಕರಣದ ಆಯುಷ್ಯದ ಒಂದು ಘಾತ, ಇವುಗಳ ಗುಣಲಬ್ಧ ಸ್ಥಿರ. ಘಾತ 1/8 ಇದ್ದರೆ, ವೇಗ ಇಮ್ಮಡಿಸಿದಾಗ ಆಯುಷ್ಯ 256ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. 1/4 ಇದ್ದರೆ 16ರಲ್ಲಿ ಒಂದು ಪಾಲು ಉಳಿಯುತ್ತದೆ. ಮೊದಲನೆಯದು ಉಕ್ಕಿನ ಉಪಕರಣಕ್ಕೆ, ಎರಡನೆಯದು ಟಂಗ್‌ಸ್ಟನ್ ಕಾರ್ಬೈಡಿಗೆ ಸುಮಾರಾಗಿ ಹೊಂದುತ್ತದೆ. ಬಂಡೆ ಕೊರೆಯುವುದು ಬಡಿತದ ಕೆಲಸ. ಅಲ್ಲಿಗೆ ಈ ಸೂತ್ರವನ್ನು ಹಾಗೆಯೇ ಒಯ್ಯಲಾಗದು.

ಬಂಡೆಯಲ್ಲಿ ಇನ್ನೊಂದು ತೊಡಕಿದೆ, ನನಗೆ ಅದೇ ಹೆಚ್ಚು ಸ್ವಾರಸ್ಯಕರ. ಬೈರಿಗೆಯ ಅಂಚು ಸವೆದಂತೆ ರಂಧ್ರವೂ ಕಿರಿದಾಗುತ್ತ ಹೋಗುತ್ತದೆ. ಆಗ ಅದೇ ಅಳತೆಯ ಹೊಸ ಬೈರಿಗೆ ತಳ ಮುಟ್ಟದೆ ನಡುವೆಯೇ ಸಿಕ್ಕಿಕೊಳ್ಳುತ್ತದೆ. ಹೀಗಾಗಿ ಹಳೆಯ ಗಣಿಗಾರರು ಬೈರಿಗೆಗಳ ಜೋಡಣೆಯನ್ನೇ ಇಟ್ಟುಕೊಳ್ಳುತ್ತಿದ್ದರು: ಮೊದಲನೆಯದು ಗಿಡ್ಡ ಮತ್ತು ದಪ್ಪ, ಮುಂದಿನವು ಉದ್ದವಾಗುತ್ತ ಸಪೂರ. ರಂಧ್ರ ಎಷ್ಟು ಆಳ ಹೋಗಬಲ್ಲದು ಎಂಬುದನ್ನು ಸವೆತವೇ ನಿರ್ಧರಿಸುತ್ತಿತ್ತು.

ಕಾರ್ಬೈಡ್ ಈ ಕಟ್ಟನ್ನು ಸಡಿಲಿಸಿತು. ಜರ್ಮನಿಯ ಕಾರ್ಲ್ ಶ್ರೋಟರ್ 1923ರಲ್ಲಿ ಟಂಗ್‌ಸ್ಟನ್ ಕಾರ್ಬೈಡನ್ನು ಕೋಬಾಲ್ಟಿನೊಂದಿಗೆ ಬೆಸೆಯುವ ವಿಧಾನಕ್ಕೆ ಪೇಟೆಂಟ್ ಅರ್ಜಿ ಹಾಕಿದ. ಕ್ರುಪ್ ಕಂಪನಿ ಅದನ್ನು 'ವಿಡಿಯಾ', ಅಂದರೆ ವಜ್ರದಂತೆ, ಎಂಬ ಹೆಸರಿನಲ್ಲಿ ಮಾರಿತು. 1964ರಲ್ಲಿ ವಿಡಿಯಾ ಇಂಡಿಯಾ ಬೆಂಗಳೂರಿಗೆ ಬಂತು. ಈಗ ಅದು ಕೆನ್ನಾಮೆಟಲ್.

ಪುಡಿಯ ಸಮಸ್ಯೆ ಮಾತ್ರ ಬೇರೆ ದಾರಿ ಹಿಡಿಯಿತು. 1890ರ ದಶಕದಲ್ಲಿ ಅಮೆರಿಕದ ಲೇನರ್ ಟೊಳ್ಳು ಬೈರಿಗೆಯ ಮೂಲಕ ಗಾಳಿ ಹಾಯಿಸಿ ಪುಡಿ ತೆಗೆದ. ಬೈರಿಗೆಗೆ ಹಿತವಾದದ್ದು ಕೆಲಸಗಾರನ ಶ್ವಾಸಕೋಶಕ್ಕೆ ವಿಷವಾಯಿತು. ಸಿಲಿಕಾ ಧೂಳನ್ನು ಅಡಗಿಸಲು ನೀರು ಹಾಯಿಸಬೇಕಾಯಿತು.

ಇಂದಿನ ಬೈರಿಗೆಯ ತಲೆಯಲ್ಲಿ ಇರುವುದು ದುಂಡನೆಯ ಕಾರ್ಬೈಡ್ ಗುಂಡಿಗಳು. ಅವೂ ಸವೆಯುತ್ತವೆ. ಚಪ್ಪಟೆಯಾದ ಭಾಗ ಗುಂಡಿಯ ವ್ಯಾಸದ ಮೂರನೇ ಒಂದರಷ್ಟಾದಾಗ ಮತ್ತೆ ಮಸೆಯಬೇಕೆಂಬುದು ಕಲ್ಲುಗಣಿಯ ರೂಢಿಯ ಲೆಕ್ಕ.